ಚೆನ್ನಕ್ಕ ಬರೆದ ಚಿತ್ರ

ಮಕ್ಕಳೇ, ಕೆಂಪುಗುಡ್ಡದ ಕಾಡಿನಲ್ಲಿ ಚೆನ್ನಕ್ಕ ಎಂಬ ಮುಳ್ಳುಹಂದಿ ಇದ್ದಳು. ಅವಳಿಗೆ ಎರಡು ಚಾಳಿ. ಒಂದು, ಕೆಮ್ಮಣ್ಣಿನಲ್ಲಿ ಮುಳ್ಳು ಅದ್ದಿ ಬಂಡೆಯ ಮೇಲೆ ಚಿತ್ರ ಬರೆಯುವುದು. ಇನ್ನೊಂದು, ಯಾರು ಏನು ಹೇಳಿದರೂ ಸಲೀಸಾಗಿ ನಂಬದಿರುವುದು.

ಆ ಕಾಡಿಗೆ ಒಂದು ತೋಳ ಬಂತು. ಹಣೆ ತುಂಬ ಬೂದಿ! ಕೆರೆಯ ದಡದ ಕಲ್ಲನ್ನು ತೋರಿಸಿ, "ಇದೇ ದೇವರು, ನಾನೇ ಪೂಜಾರಿ" ಎಂದಿತು. "ಸೋಮವಾರ ಎಲ್ಲರೂ ಬಂದು ಕಣ್ಣು ಮುಚ್ಚಿ ತಲೆ ಬಾಗಿಸಬೇಕು. ನಾನೂ ಮುಚ್ಚುತ್ತೇನೆ. ನಡುವೆ ಕಣ್ಣು ತೆರೆದವರಿಗೆ ಮಹಾಪಾಪ!"

ಪ್ರತಿ ಸೋಮವಾರ ಪೂಜೆ ಮುಗಿದಾಗ ಒಂದು ಮರಿ ಕಾಣೆ. "ದೇವರು ಕರೆಸಿಕೊಂಡ" ಎನ್ನುತ್ತಿತ್ತು ತೋಳ. ಮೊಲ ನಾಗವ್ವನ ಮೂರು ಮರಿಗಳಲ್ಲಿ ಎರಡು ಹೀಗೆಯೇ ಹೋದವು.

"ಈ ದೇವರಿಗೆ ಮರಿಗಳೇ ಯಾಕೆ ಬೇಕು? ಈ ಪೂಜಾರಿಯ ಹೊಟ್ಟೆ ಯಾಕೆ ಹೀಗೆ ಉಬ್ಬುತ್ತಿದೆ?" ಚೆನ್ನಕ್ಕನಿಗೆ ಅನುಮಾನ ಹತ್ತಿತು. ಮುಂದಿನ ಸೋಮವಾರ ಅವಳು ಒಂದು ಕಣ್ಣು ತೆರೆದಳು. ತೋಳ ಜಿಂಕೆಮರಿಯೊಂದರ ಕುತ್ತಿಗೆ ಹಿಡಿದು ಪೊದೆಗೆ ಎಳೆಯುತ್ತಿತ್ತು!

ನಾಗವ್ವನ ಬಳಿ ಓಡಿ ಹೇಳಿದಳು. ನಾಗವ್ವ ಕಿವಿ ಮುಚ್ಚಿಕೊಂಡಳು. "ಬಿಡ್ತು ಅನ್ನು ಚೆನ್ನಕ್ಕ! ಕಣ್ಣು ತೆರೆದವಳ ಮಾತು ಕೇಳಿದರೂ ಪಾಪವಂತೆ."

"ಅಯ್ಯೋ ತಾಯಿ, ಉಳಿದಿರುವುದು ಒಂದೇ ಮರಿ!" ಎಂದು ಚೆನ್ನಕ್ಕ ಗೋಗರೆದಳು. ನಾಗವ್ವ ಕೇಳಲಿಲ್ಲ.

ಮರುವಾರ ಪೂಜೆಗೆ ಬಂದವರು ನೋಡುತ್ತಾರೆ, ಬಂಡೆಯ ಮೇಲೆ ದೊಡ್ಡ ಚಿತ್ರ. ಎಲ್ಲರೂ ಕಣ್ಣು ಮುಚ್ಚಿ ನಿಂತಿದ್ದಾರೆ. ಹಿಂದೆ ತೋಳ, ಬಾಯಲ್ಲಿ ಜಿಂಕೆಮರಿಯ ಹಿಂಗಾಲು.

"ದೇವರಿಗೆ ಅವಮಾನ! ಅಳಿಸಿಹಾಕಿ!" ತೋಳ ಅರಚಿತು. ಕಾಡುಕೋಣ ಭರಮಣ್ಣ ಗೊರಸು ಎತ್ತಿದ.

"ಸ್ವಲ್ಪ ತಾಳು ಭರಮಣ್ಣ," ಎಂದಳು ಚೆನ್ನಕ್ಕ. "ಇದರಲ್ಲಿ ದೇವರು ಎಲ್ಲಿದ್ದಾನೆ, ತೋರಿಸು ನೋಡೋಣ. ನಾನು ಬರೆದಿರುವುದು ಪೂಜಾರಿಯನ್ನು."

ಭರಮಣ್ಣ ಹುಡುಕಿದ. ದೇವರು ಕಾಣಲಿಲ್ಲ. ಗೊರಸು ಇಳಿಸಿದ.

ತೋಳಕ್ಕೆ ಮೈ ಉರಿಯಿತು. ಅದಕ್ಕೆ ತನ್ನ ಬೇಟೆಯ ಬಗ್ಗೆ ಎಲ್ಲಿಲ್ಲದ ಜಂಬ. "ಬರೆಯಲು ಬಾರದ ಮೂಳಿ! ಯಾವ ತೋಳ ಕಾಲು ಹಿಡಿಯುತ್ತದೆ? ಕಾಲು ಹಿಡಿದಿದ್ದರೆ ಅದು ಕಿರುಚುತ್ತಿರಲಿಲ್ಲವೇ? ನಾನು ಹಿಡಿದದ್ದು ಕುತ್ತಿಗೆ..."

ತೋಳ ಬಾಯಿ ಮುಚ್ಚಿತು. ಆದರೆ ಮಾತು ಆಡಿ ಆಗಿತ್ತು. ಚೆನ್ನಕ್ಕ ಬೇಕೆಂದೇ ಕಾಲು ಬರೆದಿದ್ದಳು, ಕಳ್ಳಿ!

"ಕುತ್ತಿಗೆಯೇ?" ನಾಗವ್ವ ಮುಂದೆ ಬಂದಳು. "ನನ್ನ ಮಕ್ಕಳದ್ದೂ ಕುತ್ತಿಗೆಯೇ, ಸ್ವಾಮಿ?"

ಭರಮಣ್ಣ ಕೊಂಬು ಬಗ್ಗಿಸಿ ನುಗ್ಗಿದ. ತೋಳ ಬಿದ್ದು ಎದ್ದು ಗುಡ್ಡದಾಚೆ ಓಡಿತು.

ಗೆದ್ದೆವೆಂದು ಕುಣಿಯುವ ಮನಸ್ಸು ಯಾರಿಗೂ ಬರಲಿಲ್ಲ. ನಾಗವ್ವ ಉಳಿದೊಂದು ಮರಿಯನ್ನು ಅವುಚಿಕೊಂಡು, ಹೋದ ಎರಡಕ್ಕಾಗಿ ಗೋಳೋ ಎಂದು ಅತ್ತಳು.

"ಚೆನ್ನಕ್ಕ, ಇನ್ನು ಈ ಚಿತ್ರ ಅಳಿಸಿಬಿಡಲೇ? ನೋಡಿದರೆ ಸಂಕಟವಾಗುತ್ತದೆ," ಎಂದ ಭರಮಣ್ಣ.

"ಬೇಡಪ್ಪ, ಇರಲಿ," ಎಂದಳು ಚೆನ್ನಕ್ಕ. "ನಾಳೆ ಇನ್ನೊಬ್ಬ ಪೂಜಾರಿ ಬರುತ್ತಾನೆ."

ನೀತಿ: ದೇವರ ಹೆಸರು ಹೇಳಿ ನಮ್ಮ ಕಣ್ಣು ಮುಚ್ಚಿಸುವವನನ್ನೇ ಮೊದಲು ಕಣ್ಣು ಬಿಟ್ಟು ನೋಡಬೇಕು.