ಹೆಬ್ಬಾತಿನ ದಂಡೆಪಾಲು

ನೀರನ್ನೂ ನೀರು ಕುಡಿಯುವ ಬಾಯನ್ನೂ ಒಟ್ಟಿಗೇ ಸೃಷ್ಟಿಸಿದ ಕರುಣಾಳು ಸ್ವಾಮಿಗೆ ಮೊದಲು ಕೈಮುಗಿಯೋಣ, ಮಕ್ಕಳೇ. ಅವನ ಕಣ್ಣಿಗೆ ಆನೆಯ ಹಸಿವೂ ಇರುವೆಯ ಹಸಿವೂ ಒಂದೇ.

ಒಂದು ಕಾಡಿನಂಚಿನಲ್ಲಿ ಮೂರು ಕೆರೆಗಳಿದ್ದವು: ಹಿರಿಕೆರೆ, ನಡುಕೆರೆ, ಕಟ್ಟಕಡೆಗೆ ಪುಟ್ಟ ಕಿರುಗುಂಡಿ. ಕಿರುಗುಂಡಿಯ ಜೊಂಡಿನಲ್ಲಿ ಜೊಂಡಕ್ಕ ಎಂಬ ಹುಂಡುಕೋಳಿ ತನ್ನ ಐದು ಮರಿಗಳೊಂದಿಗೆ ವಾಸವಾಗಿದ್ದಳು.

ಹಿಂದಿನ ಚಳಿಗಾಲದಲ್ಲಿ ಹೆಬ್ಬಾತುಗಳ ದೊಡ್ಡ ಹಿಂಡೊಂದು ಬಂದು ಕಿರುಗುಂಡಿಯ ಕೆಸರಿನ ಗೆಡ್ಡೆಗಳನ್ನೆಲ್ಲ ಬೇರುಸಮೇತ ಕಿತ್ತು ತಿಂದಿತ್ತು. ಅಂದಿನಿಂದ ಆ ಕೆರೆ ಚೇತರಿಸಿಕೊಂಡೇ ಇರಲಿಲ್ಲ. ಜೊಂಡಕ್ಕನ ಮರಿಗಳ ಕೊರಳು ದಾರದಂತಾದವು. ಒಂದು ಮುಂಜಾನೆ ಎಲ್ಲಕ್ಕಿಂತ ಕಿರಿಯ ಮರಿ ಏಳಲೇ ಇಲ್ಲ.

ಹಾಗಾದರೆ ಆ ಕಾಡಿನಲ್ಲಿ ಧರ್ಮವೇ ಇರಲಿಲ್ಲವೇ? ಇತ್ತು, ಮಕ್ಕಳೇ. ಹತ್ತು ಗೆಡ್ಡೆ ಕಿತ್ತವರು ಒಂದನ್ನು ತಮ್ಮ ಕೆರೆಯ ದಂಡೆಯ ಮೇಲೆ ಇಡಬೇಕು. ಬೆಳ್ಳಕ್ಕಿಗಳು ಅದನ್ನು ಬರಿದಾದ ಕೆರೆಗೆ ಹೊತ್ತೊಯ್ಯಬೇಕು. ಅದಕ್ಕೆ ದಂಡೆಪಾಲು ಎಂದು ಹೆಸರು. ಬಾತುಗಳು ಇಡುತ್ತಿದ್ದವು, ಹಣೆಯಲ್ಲಿ ಬಿಳಿ ನಾಮವಿರುವ ನಾಮದ ಕೋಳಿಗಳೂ ಇಡುತ್ತಿದ್ದವು, ಆದರೂ ಅಷ್ಟು ಸಾಲುತ್ತಿರಲಿಲ್ಲ. ಎಲ್ಲರಿಗಿಂತ ಹೆಚ್ಚು ತಿನ್ನುತ್ತಿದ್ದ ಹೆಬ್ಬಾತುಗಳು ಮಾತ್ರ ಒಂದು ಗೆಡ್ಡೆಯನ್ನೂ ಇಡುತ್ತಿರಲಿಲ್ಲ.

ಮರಿಯನ್ನು ಮಣ್ಣು ಮಾಡಿದ ಜೊಂಡಕ್ಕ ನಡೆದುಕೊಂಡೇ ಹಿರಿಕೆರೆಗೆ ಹೋದಳು. ಅಲ್ಲಿ ಪಾಲಿನ ಲೆಕ್ಕ ನೋಡುವ ಹಿರಿಯ ಆಮೆ ಚಿಪ್ಪಜ್ಜ ಬಿಸಿಲು ಕಾಯಿಸಿಕೊಳ್ಳುತ್ತಿದ್ದ.

"ಅಜ್ಜಾ, ಹೆಬ್ಬಾತುಗಳ ಯಜಮಾನ ಗಗನಯ್ಯ ಇಲ್ಲಿ ದಂಡೆಪಾಲು ಯಾಕೆ ಕೊಡಲ್ಲ?"

"ಅವನು ನಡುಕೆರೆಯವನಂತಲ್ಲಮ್ಮ? ಅಲ್ಲೇ ಕೊಡ್ತೀನಿ ಅಂದ."

ಜೊಂಡಕ್ಕ ನಡುಕೆರೆಗೆ ಹೋದಳು. ಅಲ್ಲಿ ಲೆಕ್ಕ ನೋಡುವ ಮುದಿ ಕಪ್ಪೆ ಕಣ್ಣುಜ್ಜಿಕೊಂಡು ಹೇಳಿತು: "ಗಗನಯ್ಯನಾ? ಹಿರಿಕೆರೆಯವರಲ್ವಾ ಅವರು? ನಮ್ಮಲ್ಲಿ ಸುಮ್ಮನೆ ದಣಿವಾರಿಸಿಕೊಳ್ಳೋಕೆ ಇಳೀತಾರೆ, ಪಾಪ."

ಸಾಧು ಹೆಂಗಸು ಜೊಂಡಕ್ಕ. ಹುಟ್ಟಿದಾಗಿನಿಂದ ಯಾರಿಗೂ ಎದುರಾಡಿದವಳಲ್ಲ. ಆವತ್ತು ಮಾತ್ರ ಅವಳ ಎದೆಯೊಳಗೆ ಕೆಂಡ ಉರಿಯಿತು. ಚಿಪ್ಪಜ್ಜನನ್ನೂ ಮುದಿ ಕಪ್ಪೆಯನ್ನೂ ಎರಡು ಕೆರೆಗಳ ನಡುವಿನ ಏರಿಗೆ ಕರೆತಂದಳು. ನೀರಹಕ್ಕಿಗಳೆಲ್ಲ ಸೇರಿದವು. ಅಷ್ಟರಲ್ಲಿ ಈ ಚಳಿಗಾಲಕ್ಕೂ ಹಿಂಡಿನೊಂದಿಗೆ ಬಂದಿದ್ದ ಗಗನಯ್ಯ ರೆಕ್ಕೆ ಬೀಸುತ್ತ ಬಂದಿಳಿದ.

"ಬಾರಪ್ಪ ನಡುಕೆರೆಯವನೇ," ಎಂದ ಚಿಪ್ಪಜ್ಜ.

"ಅಯ್ಯೋ, ನಿಮ್ಮ ಹಿರಿಕೆರೆಯವರಲ್ವಾ ಇವರು?" ಎಂದಿತು ಕಪ್ಪೆ.

ಏರಿಯ ಮೇಲೆಲ್ಲ ಗುಸುಗುಸು ಎದ್ದಿತು. ಗಗನಯ್ಯ ಕೊರಳು ನೀಳ ಮಾಡಿದ. "ನಾನು ಯಾವ ಕೆರೆಯವನೂ ಅಲ್ಲ. ಆಕಾಶದವನು! ಬೆಟ್ಟಗಳ ಆಚೆಯಿಂದ ಹಾರಿ ಬರೋನು. ನನ್ನನ್ನ ಕೇಳೋಕೆ ನೀವ್ಯಾರು?"

"ಕಿರುಗುಂಡಿ ತಿಂದಿದ್ದು ಆಕಾಶವಾ ಅಣ್ಣ?" ಜೊಂಡಕ್ಕ ಮುಂದೆ ಬಂದಳು. "ನನ್ನ ಮಗುನ ತಿಂದಿದ್ದು ಯಾರು?"

"ಓಹೋ! ಹೋದ ಸಲ ನಿಮ್ಮ ಗುಂಡಿಗೆ ನಾಲ್ಕು ಗೆಡ್ಡೆ ದಾನ ಮಾಡಿದ್ದು ಮರೆತೆಯಾ? ಇಡೀ ಹಿಂಡು ಕಹಳೆ ಊದಿತ್ತಲ್ಲ, ಕೇಳಿಸಲಿಲ್ವಾ?"

ಮಕ್ಕಳೇ, ನೂರು ಕಿತ್ತುಕೊಂಡು ನಾಲ್ಕು ಎಸೆದು, ಅದಕ್ಕೆ ದಾನವೆಂದು ಹೆಸರಿಡುವ ಬಾಯನ್ನು ದೇವರು ಹೇಗೆ ಸಹಿಸುತ್ತಾನೋ! ಚಿಪ್ಪಜ್ಜನಿಂದ ಸಹಿಸಲಾಗಲಿಲ್ಲ.

"ಸರಿಯಪ್ಪ. ಆಕಾಶದವನು ಅಂದೆಯಲ್ಲ, ಹೋಗಿ ಆಕಾಶದಲ್ಲೇ ಮೇಯಿ."

ಗಗನಯ್ಯ ನಕ್ಕು ಹಿರಿಕೆರೆಯತ್ತ ಹಾರಿದ. ಹಿಂಡೂ ಹಿಂದೆ ಹಾರಿತು. ಅಜ್ಜನ ಮಾತಿನ ಇಂಗಿತ ತಿಳಿದು ಮೊದಲೇ ಹಾರಿ ಬಂದಿದ್ದ ಬಾತು, ನಾಮದ ಕೋಳಿಗಳೆಲ್ಲ ರೆಕ್ಕೆಗೆ ರೆಕ್ಕೆ ಹಚ್ಚಿ ನೀರಿನ ತುಂಬ ನಿಂತಿದ್ದವು, ಕಾಲಿಡಲು ಜಾಗವಿಲ್ಲ. ನಡುಕೆರೆಗೆ ಹೋದ. ಅಲ್ಲೂ ಹಾಗೆಯೇ. "ಬಿಡಿ, ಇನ್ನೊಂದಿದೆ" ಎಂದು ಕಿರುಗುಂಡಿಗೆ ಬಂದ. ಅಲ್ಲಿ ಅಡ್ಡಿ ಮಾಡುವವರು ಯಾರೂ ಇರಲಿಲ್ಲ. ಹಿಂಡೆಲ್ಲ ಇಳಿದು ಕೆಸರಿಗೆ ಕೊಕ್ಕು ಹಾಕಿತು. ಮಣ್ಣು! ಮತ್ತೆ ಹಾಕಿತು. ಬರೀ ಮಣ್ಣು!

"ಯಜಮಾನ್ರೇ, ಇಲ್ಲಿ ತಿನ್ನೋಕೆ ಏನೂ ಇಲ್ಲ," ಎಂದಿತು ಒಂದು ಹೆಬ್ಬಾತು.

"ಯಾರು ತಿಂದ್ರು?" ಎಂದು ಗುಡುಗಿದ ಗಗನಯ್ಯ, ಮರುಗಳಿಗೆಯೇ ಬಾಯಿ ಮುಚ್ಚಿಕೊಂಡ.

ಎರಡು ದಿನ ಹಿಂಡು ಉಪವಾಸ ಬಿದ್ದಿತ್ತು. ಮೂರನೆಯ ದಿನ ಗಗನಯ್ಯ ರೆಕ್ಕೆ ಎಳೆದುಕೊಂಡು ಏರಿಗೆ ಬಂದ. "ಕೊಡ್ತೀನಿ ಅಜ್ಜಾ. ಇಳಿಯೋಕೆ ಜಾಗ ಬಿಡಿ."

"ಇನ್ನು ಯಾರನ್ನೂ ಯಾವ ಕೆರೆಯವನು ಅಂತ ಕೇಳಲ್ಲ," ಎಂದ ಚಿಪ್ಪಜ್ಜ. "ಎಲ್ಲಿ ಮೇಯ್ತೀರೋ ಅಲ್ಲೇ ಪಾಲು. ಮೂರು ಕೆರೆಗೂ ಒಂದೇ ಮಾತು. ಹೋದ ವರ್ಷದ್ದನ್ನೂ ಸೇರಿಸಿ ಇಡಪ್ಪ."

ಹಕ್ಕಿಗಳು ಜಾಗ ಬಿಟ್ಟವು. ಹೆಬ್ಬಾತುಗಳು ಇಟ್ಟ ಗೆಡ್ಡೆಗಳು ದಂಡೆಯ ಮೇಲೆ ಗುಡ್ಡೆಯಾದವು. ಬೆಳ್ಳಕ್ಕಿಗಳು ಹೊತ್ತು ಹೊತ್ತು ಸುಸ್ತಾದವು. ಅರ್ಧವನ್ನು ಜೊಂಡಕ್ಕ ಕಿರುಗುಂಡಿಯ ಕೆಸರಿನಲ್ಲಿ ಹೂಳಿಸಿದಳು, ಮತ್ತೆ ಚಿಗುರಲೆಂದು. ಉಳಿದದ್ದನ್ನು ಕೊಕ್ಕಿನಲ್ಲಿ ಜಜ್ಜಿ ನಾಲ್ಕು ಮರಿಗಳ ಬಾಯಿಗಿಟ್ಟಳು. ಪಕ್ಕದಲ್ಲಿ ನಿಂತಿದ್ದ ಗಗನಯ್ಯ ಗಂಟಲು ಸರಿಮಾಡಿಕೊಂಡ.

"ಏನಮ್ಮಾ, ಇಷ್ಟು ಕೊಟ್ಟಿದ್ದಕ್ಕೆ ಮಕ್ಕಳ ಕೈಲಿ ಒಂದು ನಮಸ್ಕಾರನಾದ್ರೂ ಮಾಡಿಸಬಾರದಾ?"

ಜೊಂಡಕ್ಕ ತಲೆಯೆತ್ತಲಿಲ್ಲ. "ನಮಸ್ಕಾರ ದೇವರಿಗೆ ಮಾಡಿ ಆಯ್ತು ಅಣ್ಣ. ಇದು ಇವರ ಪಾಲು, ಇವರು ಉಣ್ತಿದ್ದಾರೆ. ಸ್ವಲ್ಪ ಆ ಕಡೆ ನಿಂತ್ಕೊ, ಬಿಸಿಲು ಬೀಳಲಿ."

ನೀತಿ: ಎಲ್ಲರ ಕೆರೆಯಲ್ಲಿ ಮೇಯುವವನು ತಾನು ಎಲ್ಲಿಯವನೂ ಅಲ್ಲವೆಂದು ಜಾರಿಕೊಳ್ಳಬಾರದು, ಬಡವರಿಗೆ ಸಲ್ಲಬೇಕಾದ ಪಾಲನ್ನು ದಾನವೆಂದು ಕರೆಯಲೂಬಾರದು.

ಈ ಕತೆಗೆ ಕಿವಿಗೊಟ್ಟ ನಿಮ್ಮೆಲ್ಲರ ಮನೆಯ ಒಲೆ ಆರದಿರಲಿ, ನೆರೆಮನೆಯ ಒಲೆಯೂ ಉರಿಯುತ್ತಿರಲಿ. ಸ್ವಾಮಿ ನಿಮ್ಮನ್ನು ಚೆನ್ನಾಗಿಟ್ಟಿರಲಿ.