ಜ್ವರ ಅವರದು, ಮನೆ ನಿನ್ನದು

ಬಹಳ ಹಿಂದೆ, ಕಾವೇರಿ ದಂಡೆಯ ಮೇಲೆ, ಮಡುವಿನಕೊಪ್ಪಲು ಅಂತ ಒಂದೂರು. ಯಾವ ಕಾಲ ಅಂತ ಕೇಳಬೇಡಿ, ನಮ್ಮಜ್ಜಿಯ ಅಜ್ಜಿಯೂ ಇದನ್ನು ಕೇಳಿ ತಿಳಿದವಳೇ. ಆ ಊರಲ್ಲಿ ಚಿಕ್ಕತಾಯಮ್ಮ ಅನ್ನೋ ಮಡಿವಾಳರ ಹೆಂಗಸು ಇದ್ದಳಂತೆ.

ಆಗ ಹೊಳೆ ಪಕ್ಕದ ಬಯಲಲ್ಲಿ ಫ್ರೆಂಚರ ದಂಡು ಬೀಡುಬಿಟ್ಟಿತ್ತು. ದಂಡಿನ ಬಟ್ಟೆಯೆಲ್ಲ ಚಿಕ್ಕತಾಯಮ್ಮನ ಕಲ್ಲಿಗೆ ಬರೋದು. ನೂರಾರು ಅಂಗಿ, ಒಂದಕ್ಕೂ ಗುರುತು ಹಾಕುತ್ತಿರಲಿಲ್ಲವಂತೆ. ಆದರೂ ಒಬ್ಬರದು ಇನ್ನೊಬ್ಬರಿಗೆ ಹೋದದ್ದು ಇಲ್ಲವಂತೆ. ಒಗೆಯುತ್ತ ಒಗೆಯುತ್ತಲೇ ಅವರ ಮಾತನ್ನೂ ಕಲಿತಳಂತೆ. ಓದು ಬರಹ ಬಾರದು, ಕಿವಿಯೊಂದೇ ಗುರು.

ಮೊದಮೊದಲು ಒಂದು ಸಂಗತಿ ಅವಳನ್ನು ಬಹಳ ಕಾಡಿತಂತೆ. ಫಿರಂಗಿಯವನೊಬ್ಬ ಹೆಂಡತಿಯ ಅಂಗಿ ತೋರಿಸಿ ‘ಸಾ ಶಮೀಜ್’, ಅಂದರೆ ಅವಳ ಅಂಗಿ, ಅನ್ನುತ್ತಿದ್ದ. ಹೆಂಡತಿ ಬಂದು ಗಂಡನ ಅಂಗಿಗೂ ‘ಸಾ ಶಮೀಜ್’ ಅನ್ನುತ್ತಿದ್ದಳು. ಅದೇ ಗಂಡನ ನಿಲುವಂಗಿ ಆದರೆ ‘ಸೋಂ ಮಾಂತೋ’. ನಮ್ಮಲ್ಲಿ ‘ಅವನ’ ಅನ್ನೋ ಮಾತು ಬೇರೆ, ‘ಅವಳ’ ಅನ್ನೋ ಮಾತು ಬೇರೆ. ಅವರಲ್ಲಿ ಹಾಗಿಲ್ಲ. ಅಂಗಿ ಅವರಿಗೆ ಹೆಣ್ಣು, ನಿಲುವಂಗಿ ಗಂಡು. ಆ ಮಾತು ಬಟ್ಟೆಯ ಮುಖ ನೋಡುತ್ತದೆಯೇ ಹೊರತು ತೊಟ್ಟವರ ಮುಖ ನೋಡೋದಿಲ್ಲ ಅಂತ ಅವಳಿಗೆ ಹೊಳೆದ ದಿನ, ಕೈಲಿದ್ದ ಬಟ್ಟೆ ನೀರಲ್ಲಿ ತೇಲಿ ಹೋದದ್ದೂ ತಿಳಿಯಲಿಲ್ಲವಂತೆ.

ಆ ಊರಲ್ಲೇ ಹೊಂಬಾಳಮ್ಮ ಅಂತ ಗಂಡ ಸತ್ತವಳು, ತನ್ನ ಮನೆ, ಬಾವಿ, ಹಸು ನೋಡಿಕೊಂಡು, ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬಾಳುತ್ತಿದ್ದಳು. ದಂಡಿನ ಕಪ್ತಾನ ಜ್ವರ ಹತ್ತಿ ಮಲಗಿದಾಗ ಅವನನ್ನು ತನ್ನ ಮನೆಯಲ್ಲಿಟ್ಟುಕೊಂಡು ಎರಡು ತಿಂಗಳು ಗಂಜಿ ಕಾಯಿಸಿ ಕೊಟ್ಟಳಂತೆ. ಅವನು ಎದ್ದ, ಯುದ್ಧಕ್ಕೆ ಹೋದ, ಅಲ್ಲೇ ಸತ್ತ.

ಅವನ ಜಾಗಕ್ಕೆ ಹೊಸ ದೊರೆ ಬಂದ. ಜೊತೆಗೊಬ್ಬ ದುಬಾಷಿ, ಎರಡೂ ಮಾತು ಬಲ್ಲವನು. ಊರವರನ್ನೆಲ್ಲ ಸೇರಿಸಿ ದಂಡಿನ ಗುಮಾಸ್ತ ಬರೆದಿಟ್ಟ ಕಡತ ತೆಗೆಸಿದರು. ಕಪ್ತಾನರು ಹೊಂಬಾಳಮ್ಮನ ಜೊತೆ ಇದ್ದಾರೆ ಅಂತ ಬರೆದು, ಅದರ ಕೆಳಗೆ ‘ಸಾ ಮೇಜೋಂ, ಸೋಂ ಪ್ವೀ, ಸೇ ವಾಶ್’ ಅಂತ ಇತ್ತು. ದುಬಾಷಿ ಕನ್ನಡದಲ್ಲಿ ಹೇಳಿದ: ಅವನ ಮನೆ, ಅವನ ಬಾವಿ, ಅವನ ಹಸುಗಳು. ಕಪ್ತಾನ ಸತ್ತ ಮೇಲೆ ಅವು ದಂಡಿನವು, ಈ ಹೆಂಗಸು ಸಂಜೆಯೊಳಗೆ ಮನೆ ಬಿಡಬೇಕು.

ಹೊಂಬಾಳಮ್ಮ ಕುಸಿದು ಕೂತಳು. ದೊರೆಗೆ ಎದುರಾಡಿದವರಿಗೆ ಚಾವಟಿ ಏಟು ಬೀಳುತ್ತಿದ್ದ ಕಾಲ. ಆದರೂ ಚಿಕ್ಕತಾಯಮ್ಮ ಬಟ್ಟೆಗಂಟು ಕೆಳಗಿಟ್ಟು ಮುಂದೆ ಬಂದು, ದೊರೆಯ ಮಾತಿನಲ್ಲೇ ಅವನನ್ನು ಕೇಳಿದಳಂತೆ:

“ಸ್ವಾಮಿ, ಮನೆ ಹೆಣ್ಣು ಅಂತ ‘ಸಾ’ ಬಂತು. ಬಾವಿ ಗಂಡು ಅಂತ ‘ಸೋಂ’ ಬಂತು. ಹಸು ಹಲವು ಅಂತ ‘ಸೇ’ ಬಂತು. ಅವನದೋ ಅವಳದೋ ಅಂತ ಇದರಲ್ಲಿ ಎಲ್ಲಿದೆ?”

ದೊರೆ ಕಡತ ನೋಡಿದ, ದುಬಾಷಿಯನ್ನು ನೋಡಿದ. ದುಬಾಷಿ ತಲೆ ತಗ್ಗಿಸಿದ.

“ಇದರಲ್ಲಿಲ್ಲ,” ಅಂದ ದೊರೆ. “ಅವಳದು ಅಂತಲೂ ಇಲ್ಲವಲ್ಲ.”

ಚಿಕ್ಕತಾಯಮ್ಮ ಹೊಂಬಾಳಮ್ಮನ ಕಡೆ ತಿರುಗಿದಳು. “ಅವ್ವ, ಹೊರಡುವಾಗ ಕಪ್ತಾನರು ನಿನ್ನ ಕೈಗೆ ಏನಾದರೂ ಬರೆದು ಕೊಟ್ಟಿದ್ದರಾ?”

“ಒಂದು ಕಾಗದ ಕೊಟ್ಟಿದ್ದರು ಕಣವ್ವ. ಓದೋರು ಯಾರು ಅಂತ ಅಕ್ಕಿ ಮಡಕೇಲಿ ಇಟ್ಟಿದ್ದೀನಿ.”

ದೊಡ್ಡ ಮಗಳು ಓಡಿ ತಂದಳು. ಕಾಗದದ ಮಡಿಕೆಯಿಂದ ಅಕ್ಕಿ ಉದುರಿತು. ಕಪ್ತಾನನ ಕೈಬರಹ ಕಂಡು ದೊರೆ ಟೋಪಿ ತೆಗೆದನಂತೆ. ಗಟ್ಟಿಯಾಗಿ ಓದತೊಡಗಿದ. ಚಿಕ್ಕತಾಯಮ್ಮ ಕಣ್ಣು ಮುಚ್ಚಿ ಒಂದೊಂದೇ ಮಾತು ಕೇಳುತ್ತಿದ್ದಳು. ‘ವೋತ್ರ್ ಮೇಜೋಂ’ ಅಂತ ಬಂತು. ಇನ್ನೊಂದು ಗಳಿಗೆಗೆ ‘ಮಾ ಫಿಯೆವ್ರ್’ ಅಂತ ಬಂತು. ಅವಳು ಕಣ್ಣು ತುಂಬಿಕೊಂಡು ಕನ್ನಡದಲ್ಲಿ ಅಂದಳಂತೆ:

“ಕೇಳಿದೆಯಾ ಅವ್ವ? ‘ನಿಮ್ಮ ಮನೆಯಲ್ಲಿ ನನ್ನ ಜ್ವರ ಇಳಿಯಿತು’ ಅಂತ ಬರೆದಿದ್ದಾರೆ. ಜ್ವರ ಮಾತ್ರ ಅವರದು. ಮನೆ ನಿನ್ನದು.”

ದೊರೆ ಲೇಖನಿ ತರಿಸಿದ. ಕಡತದಲ್ಲಿದ್ದ ‘ಸಾ’ ‘ಸೋಂ’ ‘ಸೇ’ ಮೂರನ್ನೂ ಹೊಡೆದು ಹಾಕಿ ಹೊಂಬಾಳಮ್ಮನ ಹೆಸರನ್ನೇ ಬರೆದ. ಆಮೇಲೆ ಆ ದಂಡು ಇರುವಷ್ಟು ದಿನ ಚಿಕ್ಕತಾಯಮ್ಮನನ್ನು ಕೇಳದೆ ಊರಿನ ಒಂದು ಕಾಗದಕ್ಕೂ ಮುದ್ರೆ ಬೀಳಲಿಲ್ಲವಂತೆ.

ದಂಡು ಹೋಯಿತು, ಆ ದೊರೆಗಳೂ ಹೋದರು. ಮಡುವಿನಕೊಪ್ಪಲಿನಲ್ಲಿ ಈಗಲೂ ಮನೆ ಜಮೀನಿನ ಪತ್ರ ಓದುವಾಗ, ಹೆಂಗಸಿನ ಆಸ್ತಿ ಬಂದ ಕಡೆ, ಗಂಡೋ ಹೆಣ್ಣೋ ತಿಳಿಯದ ‘ಅವರ’ ಅಂತ ಓದಿ ಮುಂದೆ ಹೋಗೋದಿಲ್ಲ. ಅಲ್ಲಿ ನಿಲ್ಲಿಸಿ ಅವಳ ಹೆಸರು ಹಿಡಿದು ಕರೆಯುತ್ತಾರೆ. ಅವಳು ಒಳಗೆ ಒಲೆಯ ಮುಂದೆ ಇದ್ದರೂ ಸರಿಯೆ, “ನಂದೇ” ಅಂತ ಅವಳ ದನಿ ಕೇಳುವ ತನಕ ಓದುವವರು ಮುಂದಿನ ಸಾಲಿಗೆ ಬೆರಳು ಇಡೋದಿಲ್ಲ.