ಹುಸಿನುಡಿ ಗುಡ್ಡ

ಕಣಿವೆಹಾಳಿನ ಕೆರೆಯ ಏರಿ ಹತ್ತಿ ನಿಂತರೆ ನೀರಿನಾಚೆ ಎದುರಿಗೇ ಒಂದು ಕರಿಯ ಬಂಡೆಗುಡ್ಡ ಕಾಣುತ್ತದೆ. ಕೆರೆಯ ಕಡೆಗಿರುವ ಅದರ ಮೈ ಮೊರದಂತೆ ಒಳಬಾಗಿದೆ. ನೆತ್ತಿಯಲ್ಲಿ ನಾಲ್ಕಾರು ಜನ ನಿಲ್ಲುವಷ್ಟು ಬಯಲು, ಅದರಾಚೆ ಬರೀ ಕಾರೆಮುಳ್ಳು. ಸರ್ಕಾರಿ ನಕ್ಷೆಯಲ್ಲಿ ಇದು ‘ಉಸ್ನುಡಿ ಬೆಟ್ಟ’. ಉಸಿರು ನುಡಿಯುವ ಬೆಟ್ಟ ಎಂದು ಅರ್ಥ ಹೇಳಿ, ಯಾರೋ ಋಷಿ ಇಲ್ಲಿ ಉಸಿರು ಬಿಗಿಹಿಡಿದು ತಪಸ್ಸು ಮಾಡಿದನೆಂದು ಕಥೆ ಕಟ್ಟಿದವರೂ ಇದ್ದಾರೆ. ಆದರೆ ಊರಿನ ಹಿರಿಯರು ಅದನ್ನು ಒಪ್ಪುವುದಿಲ್ಲ. ಮೂಲದ ಹೆಸರು ಹುಸಿನುಡಿ ಗುಡ್ಡ, ಬಾಯಿಂದ ಬಾಯಿಗೆ ಬರುತ್ತ ಮೊದಲಿನ ಹಕಾರ ಉದುರಿತು ಎನ್ನುತ್ತಾರೆ. ಆ ಹೆಸರು ಬಂದದ್ದು ಒಂದು ಕೊಲೆಯಿಂದ. ಕೊಲೆಗಿಂತ ಹೆಚ್ಚಾಗಿ, ಅದನ್ನು ಕಂಡೆವು ಎಂದವರ ಮಾತಿನಿಂದ.

ಹಿಂದೆ ಒಮ್ಮೆ ಈ ಸೀಮೆಯನ್ನು ದೊಡ್ಡತಿಪ್ಪ ನಾಯಕನೆಂಬ ಪಾಳೆಯಗಾರ ಆಳುತ್ತಿದ್ದನಂತೆ. ಅವನ ಹೆಂಡತಿ ಸಿರಿಯವ್ವ ನಾಗತಿ ಬೇಟೆಗಾರರ ಮನೆತನದವಳು. ಆಕೆಯ ತವರಿನ ಹಳ್ಳಿಯೊಂದನ್ನು ನಾಯಕ ತನ್ನ ದಳವಾಯಿ ಸೂರಪ್ಪನಿಗೆ ಉಂಬಳಿ ಕೊಟ್ಟುಬಿಟ್ಟಿದ್ದ. ನಾಗತಿಯ ತಮ್ಮ ಪಾಲಯ್ಯ ತುಂಬಿದ ಚಾವಡಿಯಲ್ಲಿ ನಿಂತು, “ಈ ಅನ್ಯಾಯಕ್ಕೆ ಒಂದು ದಿನ ಉತ್ತರ ಸಿಗುತ್ತದೆ” ಎಂದು ಆಡಿ ಹೋಗಿದ್ದ. ಆ ಮಾತು ಕೇಳದವರೇ ಇರಲಿಲ್ಲ. ಅಂದಿನಿಂದ ನಾಗತಿ ಗಂಡನ ಬೆನ್ನುಹತ್ತಿ, ಹಳ್ಳಿಯನ್ನು ಹಿಂದಕ್ಕೆ ಪಡೆಯುವಂತೆ ಕಾಡಿ ಬೇಡಿ ಕೊನೆಗೂ ಅವನ ಮನಸ್ಸು ತಿರುಗಿಸಿದ್ದಳು. ಇದು ಮಾತ್ರ ಹೆಚ್ಚು ಜನಕ್ಕೆ ತಿಳಿದಿರಲಿಲ್ಲ.

ಆ ವರ್ಷ ಕೆರೆ ಕೋಡಿ ಬಿತ್ತು. ನಾಯಕ ಹೆಂಡತಿಯೊಡನೆ ಗಂಗೆಗೆ ಬಾಗಿನ ಬಿಡಲು ಏರಿಗೆ ಬಂದ. ನಡುಹಗಲು, ತಮಟೆ, ನಗಾರಿ, ಕಹಳೆಗಳ ಗದ್ದಲ. ನಾಯಕ ನೀರಿನ ಕಡೆಗೆ ಮುಖ ಮಾಡಿ, ಹರಿಗೋಲು ಕಟ್ಟುವ ಕಲ್ಲುಗಂಬದ ಎದುರು ನಿಂತು ಮೊರವನ್ನು ಎತ್ತಿದ್ದ. ನಾಗತಿ ತಲೆ ಬಗ್ಗಿಸಿ ನೀರಿಗೆ ಅರಿಸಿನ ಬಿಡುತ್ತಿದ್ದಳು. ಆಗ ಕೋವಿಯ ಸದ್ದು ಸಿಡಿಲಿನಂತೆ ಎದುರಿನಿಂದ ಅಪ್ಪಳಿಸಿತು. ಆಕೆ ತಲೆಯೆತ್ತಿದಳು. ಗುಡ್ಡದ ನೆತ್ತಿಯ ಮೇಲೆ ಪಾಲಯ್ಯ ನಿಂತಿದ್ದ, ಅವನ ಕೈಯಲ್ಲಿ ಕೋವಿಯಿತ್ತು. ಪಕ್ಕಕ್ಕೆ ತಿರುಗುವಷ್ಟರಲ್ಲಿ ನಾಯಕ ಮೊರದ ಮೇಲೇ ಮುಗ್ಗರಿಸಿ ಬಿದ್ದಿದ್ದ; ಬಾಗಿನದ ಬಳೆಗಳು ಅವನ ಎದೆಯ ಕೆಳಗೆ ಪುಡಿಯಾಗಿದ್ದವು.

ದಳವಾಯಿಯ ಸವಾರರು ಪಾಲಯ್ಯನನ್ನು ಗುಡ್ಡದ ಮೇಲೆಯೇ ಹಿಡಿದರು. ಅವನು ಓಡಲಿಲ್ಲ. ಮೊಲದ ಬೇಟೆಗೆ ಬಂದವನು ಬಾಗಿನ ನೋಡಲು ನಿಂತೆ, ಕೋವಿ ಹಾರಿಸಿದ್ದು ನಾನಲ್ಲ ಎಂದ. ಕೋವಿಯ ಬಾಯಲ್ಲಿ ಮಸಿಯಿತ್ತು. ಬೆಳಿಗ್ಗೆ ಮೊಲಕ್ಕೆ ಹಾರಿಸಿದ್ದು ಎಂದ. ಮೊಲ ಎಲ್ಲಿ ಎಂದರೆ ತಪ್ಪಿಸಿಕೊಂಡಿತು ಎಂದ. ಯಾರು ನಂಬುತ್ತಾರೆ? ಏರಿಯ ಮೇಲಿದ್ದ ಜನವೆಲ್ಲ ಒಂದೇ ಬಾಯಲ್ಲಿ, ಗುಂಡು ಬಂದದ್ದು ಗುಡ್ಡದಿಂದಲೇ ಎಂದರು. ಹೊಗೆ ಕಂಡೆವು ಎಂದರು ಕೆಲವರು. ಎಲ್ಲರಿಗಿಂತ ದೊಡ್ಡ ಸಾಕ್ಷಿ ನಾಗತಿಯದೇ. ಮಠದ ಅಯ್ಯನವರ ಎದುರು ವಿಭೂತಿ ಮುಟ್ಟಿ, “ನನ್ನ ತಮ್ಮ ಕೋವಿ ಎತ್ತಿ ಗುರಿ ಇಟ್ಟದ್ದನ್ನು ಕಂಡೆ” ಎಂದು ಆಕೆ ನುಡಿದಳು. ನುಡಿಯುವಾಗ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ ಎನ್ನುತ್ತಾರೆ. ಉತ್ತರಕ್ರಿಯೆಗಳು ಮುಗಿದ ಮೇಲೆ ಪಾಲಯ್ಯನನ್ನು ಆನೆಯ ಕಾಲಿಗೆ ಕಟ್ಟುವುದೆಂದು ತೀರ್ಮಾನವಾಯಿತು. ದಳವಾಯಿ ಅಷ್ಟಕ್ಕೆ ಸುಮ್ಮನಿರದೆ ಕಲ್ಲುಕುಟಿಗರನ್ನು ಕರೆಸಿ, ನಾಯಕನ ವೀರಗಲ್ಲಿನಲ್ಲಿ ಗುಡ್ಡದ ಮೇಲಿನ ಕೊಲೆಗಾರನನ್ನೂ ಕೆತ್ತಬೇಕು, ಅವನ ಮುಖ ನೋಡಿದರೆ ಪಾಲಯ್ಯನೆಂದು ಹಸುಗೂಸಿಗೂ ತಿಳಿಯಬೇಕು ಎಂದು ಅಪ್ಪಣೆ ಮಾಡಿದ.

ಆದರೆ ನಾಗತಿಗೆ ಅನ್ನ ಸೇರದಾಯಿತು. ಗಂಡನ ಮೈಯನ್ನು ಬೇರೆಯವರ ಕೈಗೆ ಕೊಡದೆ ಆಕೆಯೇ ತೊಳೆದಿದ್ದಳು. ಬೆನ್ನಿನ ಗಾಯ ಬೆರಳ ತುದಿಯಷ್ಟು ಸಣ್ಣದು. ಎದೆಯ ಗಾಯ ಮುಷ್ಟಿ ಹೋಗುವಷ್ಟು ಅಗಲ. ತೊಳೆಯುವಾಗ ಅದು ಬರೀ ಗಾಯವಾಗಿತ್ತು, ಅಷ್ಟೆ. ಈಗ ದಿನದಿನಕ್ಕೂ ಬೇರೆಯಾಗಿ ಕಾಣತೊಡಗಿತು. ತಂದೆ ಹೊಡೆದು ತಂದ ಜಿಂಕೆಗಳನ್ನು ಆಕೆ ಎಳವೆಯಲ್ಲಿ ಎಷ್ಟು ಕಂಡಿದ್ದಳೋ. ಗುಂಡು ಹೊಗುವಾಗ ಸಣ್ಣ ಬಾಗಿಲು ಮಾಡಿಕೊಳ್ಳುತ್ತದೆ, ಹೊರಡುವಾಗ ಗೋಡೆಯನ್ನೇ ಒಡೆಯುತ್ತದೆ. ಎದುರಿನಿಂದ ಬಂದ ಗುಂಡು ಬೆನ್ನಿನಲ್ಲಿ ಹೊಕ್ಕಿದ್ದು ಹೇಗೆ? ಆಕೆ ದಳವಾಯಿಯನ್ನು ಕರೆಸಿ ಕೇಳಿದಳು. “ನಾಯಕರು ಆ ಗಳಿಗೆಗೆ ಹಿಂದಕ್ಕೆ ತಿರುಗಿದ್ದಿರಬೇಕು, ತಾಯಿ,” ಎಂದ ಸೂರಪ್ಪ. ತಿರುಗಿದ್ದನೇ? ಆಕೆ ತಲೆ ಬಗ್ಗಿಸಿದ್ದಳು, ಕಂಡಿರಲಿಲ್ಲ. ತಾನೇ ಏರಿಗೆ ಹೋಗಿ ಹುಡುಕಿದಳು. ಹರಿಗೋಲಿನ ಕಲ್ಲುಗಂಬದಲ್ಲಿ, ಏರಿಯತ್ತ ಮುಖ ಮಾಡಿದ ಮಗ್ಗುಲಲ್ಲಿ ಹೊಸದಾಗಿ ಚಕ್ಕೆ ಎದ್ದಿತ್ತು, ಅದರೊಳಗೆ ಸೀಸದ ಬೂದುಬಣ್ಣ ಮೆತ್ತಿತ್ತು. ಅದು ಹರಿಗೋಲಿನ ಸರಪಳಿ ಉಜ್ಜಿ ಆದದ್ದು ಎಂದ ದಳವಾಯಿ. ಆಕೆ ಕಂಬಕ್ಕೆ ಬೆನ್ನು ಕೊಟ್ಟು ನಿಂತು ಏರಿಯತ್ತ ನೋಡಿದಳು. ಏರಿಯ ಆಚೆ, ಹುಣಿಸೆ ತೋಪಿನ ಮೇಲೆ ತಲೆಯೆತ್ತಿ, ಕಾವಲಿನ ಕೊತ್ತಲ ನಿಂತಿತ್ತು. ಅದರಲ್ಲಿದ್ದವರೆಲ್ಲ ದಳವಾಯಿಯ ಬಂದೂಕಿನವರು.

ಹೀಗೆಂದು ಬಾಯಿಬಿಟ್ಟರೆ ಊರು ಏನೆನ್ನುತ್ತದೆಂದು ಆಕೆಗೆ ಗೊತ್ತಿತ್ತು. ತಮ್ಮನ ಜೀವ ಉಳಿಸಲು ನಾಗತಿ ಮಾತು ತಿರುಗಿಸಿದಳು ಎನ್ನುತ್ತದೆ. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಕಣ್ಣು ಮುಚ್ಚಿದರೆ ಪಾಲಯ್ಯ ಈಗಲೂ ಗುರಿ ಇಡುತ್ತಿದ್ದ.

ಆನೆಯನ್ನು ಸಿಂಗರಿಸುವ ದಿನ ಬಂದಾಗ ನಾಗತಿ ಒಂದು ಕೋರಿಕೆ ಮುಂದಿಟ್ಟಳು. ಅಂದು ಇದ್ದವರೆಲ್ಲ, ಕೊತ್ತಲದ ಕಾವಲಿನವರೂ ಸೇರಿ, ಏರಿಗೆ ಬರಬೇಕು; ಅಂದಿನಂತೆಯೇ ವಾದ್ಯ ಬಾರಿಸಬೇಕು; ಗುಡ್ಡದ ಮೇಲಿಂದ ಪಾಲಯ್ಯನ ಕೋವಿಯನ್ನು ಹಾರಿಸಲಾಗುವುದು; ಅದೇ ಸದ್ದು ಹೌದೋ ಅಲ್ಲವೋ ಎಂದು ಎಲ್ಲರೂ ಪ್ರಮಾಣ ಮಾಡಬೇಕು. ಸಾಕ್ಷಿ ಇನ್ನಷ್ಟು ಗಟ್ಟಿಯಾಗುತ್ತದೆಂದು ದಳವಾಯಿ ಹೂಂಗುಟ್ಟಿದ. ಪಾಲಯ್ಯನನ್ನು ಸಂಕೋಲೆ ಸಮೇತ ತಂದು ನಿಲ್ಲಿಸಿದರು. ಅವನು ಅಕ್ಕನ ಕಡೆಗೆ ನೋಡಲಿಲ್ಲ. ಆಕೆ ಗಂಡ ನಿಂತಿದ್ದ ಜಾಗದಲ್ಲೇ ನಿಂತು ಸೆರಗು ಬಿಗಿಹಿಡಿದಳು. ತಮಟೆಯವರು ಬಾರಿಸತೊಡಗಿದರು. ಜನ ಗುಡ್ಡವನ್ನೇ ನೋಡುತ್ತ ಕಾದರು. ಸದ್ದು ಬರಲಿಲ್ಲ. ಬಾರಿಸುವವರ ಕೈ ಸೋತು ಲಯ ತಪ್ಪುವ ಹೊತ್ತಿಗೆ, ಢಂ ಎಂದು ಕೋವಿ ಗುಡುಗಿತು.

“ಅದೇ! ಅದೇ ಸದ್ದು!” ಎಂದು ಜನ ಕೂಗಿದರು. ಪಟೇಲ ಗುರುಶಾಂತನೆಂಬವನು ಮುಂದೆ ಬಂದು, “ಹೊಗೆಯನ್ನೂ ಕಂಡೆ ತಾಯಿ, ನೆತ್ತಿಯ ಬಲಗಡೆ. ಅಂದೂ ಅಲ್ಲೇ” ಎಂದು ಗುಡ್ಡಕ್ಕೆ ಕೈತೋರಿ ಪ್ರಮಾಣ ಮಾಡಿದ.

ನಾಗತಿ ಹಿಂದಕ್ಕೆ ಬೆರಳು ಮಾಡಿದಳು. ಕೊತ್ತಲದ ಕಂಡಿಯಿಂದ ಹೊಗೆ ಇನ್ನೂ ಸುರುಳಿಯಾಗಿ ಏಳುತ್ತಿತ್ತು. ಆಕೆಯ ತವರಿನ ಬಂಟನೊಬ್ಬ ಅಲ್ಲಿ ಕೋವಿ ಹಿಡಿದು ನಿಂತಿದ್ದ. ಗುಡ್ಡದ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಬೆನ್ನ ಹಿಂದಿನಿಂದ ಬಂದ ಸದ್ದನ್ನು ವಾದ್ಯಗಳು ನುಂಗಿದ್ದವು. ಒಳಬಾಗಿದ ಬಂಡೆ ಅದನ್ನು ಹಿಡಿದು, ದೊಡ್ಡದು ಮಾಡಿ ಮುಖಕ್ಕೆ ಎಸೆದಿತ್ತು. ಎಲ್ಲಿಂದ ಬರುತ್ತದೆಂದು ಬಲ್ಲ ನಾಗತಿಯ ಕತ್ತು ಕೂಡ, ಸದ್ದು ಕೇಳಿದೊಡನೆ, ಗುಡ್ಡದ ಕಡೆಗೇ ಎದ್ದಿತ್ತಂತೆ.

ಜನ ಕೊತ್ತಲವನ್ನೂ ಗುಡ್ಡವನ್ನೂ ತಿರುತಿರುಗಿ ನೋಡಿದರು. ದಳವಾಯಿ ಮಾತ್ರ ಅಳುಕಲಿಲ್ಲ. “ಕಿವಿ ಸುಳ್ಳು ಹೇಳಿರಬಹುದು. ತಾವು ಕಣ್ಣಾರೆ ಕಂಡದ್ದು? ಇವನು ಗುರಿ ಇಟ್ಟದ್ದನ್ನು ಕಂಡೆ ಎಂದು ವಿಭೂತಿ ಮುಟ್ಟಿ ಹೇಳಿದವರು ಯಾರು? ಅದೂ ಸುಳ್ಳೇ?”

ನಾಗತಿ ಅಯ್ಯನವರ ಕಡೆಗೆ ತಿರುಗಿದಳು. “ಸ್ವಾಮಿ, ನಾನು ತಲೆಯೆತ್ತಿದ್ದು ಸದ್ದು ಕೇಳಿದ ಮೇಲೆ. ಗುಂಡು ಹಾರಿದ ಮೇಲೆ ಗುರಿ ಇಡುವವನು ಯಾರು? ತಮ್ಮ ಕಂಡ, ಕೋವಿ ಕಂಡಿತು. ಉಳಿದದ್ದನ್ನು ನನ್ನ ಮನಸ್ಸು ಸೇರಿಸಿತು. ಅದು ಈಗಲೂ ಕಾಣುತ್ತದೆ, ಆದರೂ ಅದು ನಡೆದದ್ದಲ್ಲ.”

ಅಯ್ಯನವರು ಸಂಕೋಲೆ ಬಿಚ್ಚಿಸಿದರು. ಅದೇ ವಾರ ದಳವಾಯಿ ತನ್ನ ಸವಾರರೊಡನೆ ಸೀಮೆ ದಾಟಿದ. ಉಂಬಳಿ ಕೈತಪ್ಪುವುದೆಂದು ಅವನೇ ಕೊಲ್ಲಿಸಿದ, ಸಿಕ್ಕಿಬೀಳುವೆನೆಂದು ಓಡಿದ ಎನ್ನುತ್ತಾರೆ ಕೆಲವರು. ಅವಮಾನ ತಾಳದೆ ಹೋದ, ಕೊಲ್ಲಿಸಿದ್ದು ನೆರೆಯ ಪಾಳೆಯಗಾರ ಎನ್ನುತ್ತಾರೆ ಇನ್ನು ಕೆಲವರು. ಗುಡ್ಡದಿಂದಲೂ ಒಂದು ಗುಂಡು ಬಂದಿತ್ತು ಎಂದು ಪಟೇಲ ಗುರುಶಾಂತ ಸಾಯುವವರೆಗೂ ವಾದಿಸಿದನಂತೆ. ಮುಂದೊಂದು ಕಾಲಕ್ಕೆ ಏರಿಯನ್ನು ಎತ್ತರಿಸಿದಾಗ ಕಲ್ಲುಗಂಬ ಮಣ್ಣಿನಡಿ ಸೇರಿಹೋಯಿತು. ಹಾಗಾಗಿ ಚಕ್ಕೆಯ ಜಗಳವೂ ಬಗೆಹರಿಯಲಿಲ್ಲ.

ಸಂಕೋಲೆ ಕಳಚಿದ ದಿನ ನಾಗತಿ ತಮ್ಮನ ಕೈಹಿಡಿಯಲು ಹೋದಾಗ ಪಾಲಯ್ಯ ಹಿಂದೆ ಸರಿದ. “ಕಿವಿ ಮೋಸ ಹೋಯಿತು, ಒಪ್ಪಿದೆ. ನೀನು ತಲೆಯೆತ್ತಿದ್ದನ್ನು ಕಂಡು ಕೋವಿ ಎತ್ತಿ ಶರಣು ಮಾಡಿದೆ, ಅಕ್ಕಾ. ಅದು ನಿನಗೆ ಗುರಿಯಂತೆ ಯಾಕೆ ಕಂಡಿತು?” ಅವನು ಕೆರೆ ಬಳಸಿ, ಗುಡ್ಡ ಹತ್ತಿ, ಕಾರೆಮುಳ್ಳಿನಾಚೆಗೆ ಇಳಿದು ಹೋದ. ಆಮೇಲೆ ಕಣಿವೆಹಾಳಿಗೆ ಬರಲಿಲ್ಲ. ಅವನು ಮರೆಯಾದ ಮೇಲೆ ನಾಗತಿ ನೆಟ್ಟಗೆ ಕಲ್ಲುಕುಟಿಗರ ಚಪ್ಪರಕ್ಕೆ ಹೋಗಿ ಉಳಿ ಸುತ್ತಿಗೆ ಕೇಳಿ ಪಡೆದಳು.

ಆ ವೀರಗಲ್ಲು ಇಂದಿಗೂ ಗುಡ್ಡದ ಬುಡದಲ್ಲಿ ನಿಂತಿದೆ. ಕೆಳಗಿನ ಪಟ್ಟಿಕೆಯಲ್ಲಿ ಬಾಗಿನದ ಮೊರದ ಮೇಲೆ ಬೀಳುತ್ತಿರುವ ನಾಯಕ, ಪಕ್ಕದಲ್ಲಿ ತಲೆ ಬಗ್ಗಿಸಿದ ಹೆಂಗಸು. ಮೇಲೆ ಬಂಡೆಯ ನೆತ್ತಿಯಲ್ಲಿ ಕೋವಿ ಹಿಡಿದ ಒಬ್ಬ. ಅವನ ಮುಖವಿದ್ದ ಕಡೆ ಅಡ್ಡಾದಿಡ್ಡಿ ಉಳಿಯೇಟುಗಳಿವೆ, ಪಳಗಿದ ಕೈಯವಲ್ಲವೆಂದು ನೋಡಿದರೇ ತಿಳಿಯುತ್ತದೆ. ಬಂದವರು ಅದರ ಮೇಲೆ ಬೆರಳಾಡಿಸಿ, ಇದು ಯಾರ ಮುಖ ಎಂದು ಕೇಳುತ್ತಾರೆ. ಕಣಿವೆಹಾಳಿನವರು ಹೆಸರು ಹೇಳುವುದಿಲ್ಲ. “ನಾವು ಕಂಡಿಲ್ಲ” ಎನ್ನುತ್ತಾರೆ.